ವಂಶದ ಪ್ರೆಶರ್ ಅಂತ ಉಪ್ಪು ಸುರಿಯಬೇಡಿ, ಮಾತ್ರೆ ಬಿಡಬೇಡಿ

ಶೆಟ್ರೇ, ನಿಮ್ಮ ಉಪ್ಪುಸೊಳೆ (ಉಪ್ಪಿನಲ್ಲಿ ಹಾಕಿಟ್ಟ ಹಲಸಿನ ಸೊಳೆ) ಭರಣಿಯ ಫೋಟೊ ಚೆನ್ನಾಗಿದೆ. ಆದರೆ ಅದರ ಕೆಳಗೆ ಬರೆದದ್ದು ಓದಿ ಸುಮ್ನೆ ಇರಲಿಕ್ಕೆ ಆಗಲಿಲ್ಲ. "ಅಜ್ಜನಿಗೂ ಪ್ರೆಶರ್, ಅಪ್ಪನಿಗೂ ಪ್ರೆಶರ್, ಇದು ವಂಶದ್ದು. ಉಪ್ಪು ಬಿಟ್ಟು ಏನು ಪ್ರಯೋಜನ? ಈಗ ಇಂದುಪ್ಪು ತಂದಿದ್ದೇನೆ, ಮಾತ್ರೆ ಅರ್ಧ ಮಾಡಿದ್ದೇನೆ" ಅಂದಿದ್ದೀರಿ. ನನ್ನ ದೊಡ್ಡಣ್ಣನೂ ಇದೇ ಮಾತು ಹೇಳಿ ಇದನ್ನೇ ಮಾಡಿದ್ದು ಮಾರಾಯ್ರೇ. ಒಂದು ಬೆಳಿಗ್ಗೆ ಅವನ ಬಲಗೈಯಲ್ಲಿ ಚಾ ಲೋಟ ನಿಲ್ಲಲಿಲ್ಲ. ಈಗಲೂ ಅಂಗಿಯ ಗುಂಡಿ ಅತ್ತಿಗೆಯೇ ಹಾಕಬೇಕು. ಮೊದಲು ಡಾಕ್ಟರಿಗೆ ಫೋನ್ ಮಾಡಿ ಮಾತ್ರೆ ವಿಷಯ ಹೇಳಿ. ಇದನ್ನು ಆಮೇಲೆ ಓದಿದರೂ ಆಯ್ತು.

ಇಂದುಪ್ಪಿನಲ್ಲೂ, ಅಂದರೆ ಸೈಂಧವ ಲವಣದಲ್ಲೂ, ಇರುವುದು ಹೆಚ್ಚುಕಡಿಮೆ ಪೂರ್ತಿ ಸೋಡಿಯಂ ಕ್ಲೋರೈಡೇ. ಗುಲಾಬಿ ಬಣ್ಣ ನೋಡಿ ಪ್ರೆಶರ್ ಇಳಿಯುವುದಿಲ್ಲ. ಮೇಲಿಂದ ಪ್ಯಾಕೆಟ್ ಉಪ್ಪಿಗೆ ಸೇರಿಸಿರುವ ಅಯೋಡಿನ್ ಸಹ ತಪ್ಪಿಹೋಗುತ್ತದೆ.

ಇನ್ನು ವಂಶದ ಮಾತು. 1960ರ ದಶಕದಲ್ಲಿ ಅಮೆರಿಕದ ಲೂಯಿಸ್ ಡಾಲ್ ಎಂಬ ವೈದ್ಯ ಇಲಿಗಳಿಗೆ ಉಪ್ಪು ಜಾಸ್ತಿ ಹಾಕಿದ ಆಹಾರ ಕೊಟ್ಟು ನೋಡಿದರು. ಕೆಲವಕ್ಕೆ ಪ್ರೆಶರ್ ಏರಿತು, ಕೆಲವಕ್ಕೆ ಇಲ್ಲ. ಏರಿದವನ್ನು ಏರಿದವುಗಳ ಜೊತೆ, ಏರದವನ್ನು ಏರದವುಗಳ ಜೊತೆ ಮರಿ ಮಾಡಿಸಿದರು. ಕೆಲವೇ ತಲೆಮಾರಿನಲ್ಲಿ ಎರಡು ತಳಿ ಬೇರೆಯಾದವು. ಆಮೇಲೆ ಒಂದು ತಳಿಯ ಕಿಡ್ನಿ ಇನ್ನೊಂದಕ್ಕೆ ಹಾಕಿ ನೋಡಿದರೆ ಪ್ರೆಶರ್ ಕಿಡ್ನಿಯ ಹಿಂದೆಯೇ ಹೋಯಿತು. ಅಂದರೆ ವಂಶದಲ್ಲಿ ಬರುವುದು ಹಲವು ಸಲ ಬರೇ ಪ್ರೆಶರ್ ಅಲ್ಲ, ಉಪ್ಪು ತಾಳದ ಕಿಡ್ನಿ. ಅಂಥ ಮನೆಯವರೇ ಉಪ್ಪು ಬಿಟ್ಟರೆ ಜಾಸ್ತಿ ಲಾಭ ಅಲ್ವಾ?

ಮನುಷ್ಯರಲ್ಲೂ ನೋಡಿದ್ದಾರೆ. ತರಕಾರಿ, ಹಣ್ಣು, ಕೊಬ್ಬು ಕಮ್ಮಿ ಇರುವ ಹಾಲು ಮೊಸರಿನ 'ಡ್ಯಾಶ್' ಪಥ್ಯ ಅಂತ 1997ರಲ್ಲಿ ಬಂತು. ಪ್ರೆಶರ್ ಇದ್ದವರಲ್ಲಿ ಮೇಲಿನ ಅಂಕೆ ಸರಾಸರಿ 11ರಷ್ಟು ಇಳಿಯಿತು. ಪ್ರೆಶರ್ ಹಿಡಿತದಲ್ಲಿಡುವ ವ್ಯವಸ್ಥೆಗೆ ಸೇರಿದ ಆಂಜಿಯೋಟೆನ್ಸಿನೋಜೆನ್ ಎಂಬ ಪ್ರೋಟೀನಿನ ಜೀನಿನ ಒಂದು ರೂಪ ಇದ್ದವರಿಗೆ ಇಳಿದದ್ದು ಉಳಿದವರಿಗಿಂತ ಜಾಸ್ತಿ. ಪ್ರೆಶರ್ ಏರಿಸುವ ರೂಪ ಅಂತ ಹೆಸರು ಪಡೆದದ್ದೂ ಅದೇ. ಇದಕ್ಕೆ ದುಡ್ಡು ಕೊಟ್ಟು ಜೀನ್ ಟೆಸ್ಟ್ ಏನೂ ಬೇಡ. ಅಪ್ಪ ಅಜ್ಜನ ಚರಿತ್ರೆ ನಿಮಗೆ ಗೊತ್ತೇ ಇದೆ.

ನಾನು ಎಲ್ಲರಿಗೂ ಹೇಳುವುದು ಪ್ಯಾಕೆಟ್ ಲೆಕ್ಕ. ಒಂದು ಕೆಜಿ ಉಪ್ಪು ಒಡೆದ ದಿನ ಪೆನ್ನಿನಲ್ಲಿ ತಾರೀಕು ಅದರ ಮೇಲೆಯೇ ಬರೆಯಿರಿ. ಡಬ್ಬಕ್ಕೆ ಸುರಿದರೆ ಡಬ್ಬದ ಮೇಲೆ. ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ಒಬ್ಬರಿಗೆ ದಿನಕ್ಕೆ 5 ಗ್ರಾಂಗಿಂತ ಕಮ್ಮಿ. ನಾಲ್ಕು ಜನರ ಮನೆಗೆ ಒಂದು ಕೆಜಿ 50 ದಿನ ಬರಬೇಕು. ನಮ್ಮಲ್ಲಿ ಒಂದು ತಿಂಗಳೂ ಬರುತ್ತಿರಲಿಲ್ಲ, ನಮ್ಮದು ಸಪ್ಪೆ ಊಟ ಅಂತ ಎಲ್ಲರೂ ನಂಬಿದ್ದೆವು! ಭರಣಿಗೆ ಹಾಕುವ ಕಲ್ಲುಪ್ಪು ಬೇರೆ ಬರೆದಿಡಿ. ಹೋಟೆಲು, ಬೇಕರಿ, ಒಣ ಮೀನು, ಹಪ್ಪಳದ ಉಪ್ಪು ಈ ಲೆಕ್ಕದಲ್ಲಿ ಬರುವುದೇ ಇಲ್ಲ, ಹಾಗಾಗಿ 50 ದಿನ ಬಂದರೂ ಬೀಗಬೇಡಿ. ಕುಚ್ಚಲಕ್ಕಿ ಗಂಜಿಯ ತಪ್ಪಲ್ಲ, ಅದರ ಬದಿಗೆ ಇಡುವ ಮಿಡಿ ಉಪ್ಪಿನಕಾಯಿಯದ್ದು. ಸಾರಿಗೆ ಉಪ್ಪು ಕಮ್ಮಿ ಮಾಡಿ ಮಿಡಿ ಎರಡು ಹಾಕಿಕೊಂಡರೆ ಏನು ಉಳಿಯಿತು?

ಸೊಳೆ ಬಿಸಾಡಿ ಅಂತ ನಾನು ಹೇಳುವುದಿಲ್ಲ. ರಾತ್ರಿ ಇಡೀ ನೆನೆಸಿ, ನೀರು ಎರಡು ಮೂರು ಸಲ ಬದಲಿಸಿ, ಗಟ್ಟಿ ಹಿಂಡಿ. ಪಲ್ಯಕ್ಕೆ ಬೇರೆ ಉಪ್ಪು ಬೇಡವೇ ಬೇಡ. ಆದರೂ ಉಪ್ಪು ಪೂರ್ತಿ ಹೋಗುವುದಿಲ್ಲ. ಆಟಿ ತಿಂಗಳ ಮಳೆಗಾಲದಲ್ಲಿ ಅಪರೂಪಕ್ಕೆ ತಿನ್ನಿ, ದಿನಾ ಅಲ್ಲ.

ಟಾಟಾದ ಲೈಟ್ ಉಪ್ಪು ಹೇಗೆ ಅಂತ ಇನ್ನೊಬ್ಬರು ಕೇಳಿದ್ದಾರೆ. ಅಂಥ ಉಪ್ಪಿನಲ್ಲಿ ಸೋಡಿಯಂ ಸ್ವಲ್ಪ ಕಮ್ಮಿ, ಆ ಜಾಗಕ್ಕೆ ಪೊಟ್ಯಾಸಿಯಂ. ಒಳ್ಳೆಯದೇ. ಆದರೆ ಕಿಡ್ನಿ ತೊಂದರೆ ಇದ್ದವರು, ಟೆಲ್ಮಿಸಾರ್ಟನ್, ಎನಲಾಪ್ರಿಲ್, ಸ್ಪೈರೊನೊಲ್ಯಾಕ್ಟೋನ್ ನುಂಗುವವರು ಡಾಕ್ಟರಿಗೆ ಕೇಳದೆ ಮುಟ್ಟಬೇಡಿ. ಪೊಟ್ಯಾಸಿಯಂ ಏರಿದರೆ ಹೃದಯಕ್ಕೇ ಅಪಾಯ. ಕಿಡ್ನಿಯವರಿಗೆ ದಿನಾ ಬೊಂಡ (ಎಳನೀರು) ಕೊಡುವವರಿಗೂ ಇದೇ ಮಾತು.

ಮನೆಯಲ್ಲಿ ನೋಡುವ ಮಿಷನ್ ತೋಳಿಗೆ ಕಟ್ಟುವುದೇ ಇರಲಿ, ನಮ್ಮದು ಓಮ್ರಾನ್. ಪಟ್ಟಿ ತೋಳಿನ ಅಳತೆಗೆ ಸರಿ ಇರಬೇಕು, ಬಿಗಿಯಾದರೆ ಅಂಕೆ ಜಾಸ್ತಿ ತೋರಿಸುತ್ತದೆ. ಅರ್ಧ ಗಂಟೆ ಮೊದಲು ಕಾಫಿ ಬೇಡ. ಕಾಫಿಯ ಕೆಫೀನ್ ಕೆಲವರ ಮೈಯಿಂದ ಬೇಗ ಹೋಗುತ್ತದೆ, ಕೆಲವರದ್ದು ನಿಧಾನ. ಅದೂ ಜೀನಿನದ್ದೇ ಕೆಲಸ.

ಹಾಗೆಯೇ ನಿಮ್ಮ ತಾರಸಿಯಲ್ಲಿ ಹರಿವೆ ಮಾತ್ರ ಕಾಣುತ್ತದೆ, ಬಸಳೆ ಇಲ್ಲ. ಹುಳಿ, ತೆಂಗಿನಕಾಯಿ, ಬೆಳ್ಳುಳ್ಳಿ ಒಗ್ಗರಣೆ ಬಿದ್ದರೆ ಬಸಳೆ ಸಾಂಬಾರಿಗೆ ಅರ್ಧ ಉಪ್ಪು ಸಾಕು. ಗಂಟು ಇರುವ ದಪ್ಪ ದಂಟು ನೆಡಿ, ಚಟ್ಟಿಯಲ್ಲಿ ನೀರು ನಿಂತರೆ ಕೊಳೆಯುತ್ತದೆ. ಬಳ್ಳಿ ಬೇಕಿದ್ದರೆ ಹೇಳಿ, ಭಾನುವಾರ ಕದ್ರಿ ಕಡೆ ಬರುವವನಿದ್ದೇನೆ.