ಡಯಾಪರ್ ಬಿಡಿಸುವ ಹೊತ್ತು: ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ಮಗಳಿಗೆ 20 ತಿಂಗಳು, ಮೊದಲ ಮಗು. ನಮ್ಮ ಕಾಲದಲ್ಲಿ ವರ್ಷ ತುಂಬುವಷ್ಟರಲ್ಲಿ ಮಕ್ಕಳು ಬಟ್ಟೆ ಒದ್ದೆ ಮಾಡುತ್ತಿರಲಿಲ್ಲ ಎಂದು ಅತ್ತೆ ದಿನಾ ಹೇಳುತ್ತಾರೆ. ನಾನು ತಡ ಮಾಡಿದೆನೇ? ಎಲ್ಲಿಂದ ಶುರು ಮಾಡಲಿ?
(ದಾವಣಗೆರೆ)

ತಡವಾಗಿಲ್ಲ. ಅತ್ತೆ ಹೇಳುವುದೂ ಸುಳ್ಳಲ್ಲ. ಹಾಲು ಕುಡಿದ ಸ್ವಲ್ಪ ಹೊತ್ತಿಗೆ ಕೂಸನ್ನು ಎರಡು ಪಾದಗಳ ಮೇಲೆ ಕೂರಿಸಿಕೊಂಡು 'ಸ್‌ಸ್' ಅಂದರೆ ಅದು ಹೋಗುತ್ತಿತ್ತು. ಆದರೆ ಅಲ್ಲಿ ಪಳಗಿದ್ದು ಅಜ್ಜಿ. ಹೊತ್ತು ನೋಡಿ ಹಿಡಿಯುತ್ತಿದ್ದವರು ಅವರು. ಮಗು ತಾನೇ ತಡೆದುಕೊಂಡು, ಹೇಳಿ, ಹೋಗಿ ಕೂರುವುದು ಬೇರೆಯದೇ ವಿದ್ಯೆ. ಬಹುತೇಕ ಮಕ್ಕಳಿಗೆ ಅದು ಒಂದೂವರೆ ವರ್ಷದಿಂದ ಮೂರರೊಳಗೆ, ಕೆಲವರಿಗೆ ಇನ್ನೂ ತುಸು ತಡವಾಗಿ ಒಲಿಯುತ್ತದೆ.

ಡಯಾಪರ್ ಎರಡು ತಾಸು ಒಣಗಿರುತ್ತದೆಯೇ? ಕಕ್ಕ ಬರುವಾಗ ಮೂಲೆ ಹುಡುಕುತ್ತಾಳೆಯೇ? ಚಡ್ಡಿ ಕೆಳಗೆಳೆಯುತ್ತಾಳೆಯೇ? 'ಚಪ್ಪಲಿ ತಾ' ಅಂದರೆ ತರುತ್ತಾಳೆಯೇ? ಇವುಗಳಲ್ಲಿ ಮೂರಕ್ಕೆ ಹೌದು ಎಂದಾದರೆ ಶುರು ಮಾಡಿ. ಮನೆ ಬದಲಿಸುವ ಅಥವಾ ಎರಡನೇ ಬಾಣಂತನದ ತಿಂಗಳು ಮಾತ್ರ ಬೇಡ.

ಪಾಟಿ ಕುರ್ಚಿಯಲ್ಲಿ (ಸುಸ್ಸು–ಕಕ್ಕಕ್ಕೆ ಮಗು ಕೂರುವ ಪುಟ್ಟ ಕುರ್ಚಿ) ಕೂತಾಗ ಎರಡೂ ಅಂಗಾಲು ನೆಲಕ್ಕೆ ಊರಬೇಕು, ಎದ್ದಾಗ ಕುರ್ಚಿ ಮಗುಚಬಾರದು. ಹಾಡು, ದೀಪ ಇರುವ ದುಬಾರಿ ಕುರ್ಚಿ ಕೊಂಡರೆ ಮನೆಗೆ ಇನ್ನೊಂದು ಆಟಿಕೆ ಬಂದಂತೆ, ಅಷ್ಟೆ. ಮೊದಲ ನಾಲ್ಕೈದು ದಿನ ಬಟ್ಟೆ ತೊಟ್ಟೇ ಕೂರಲಿ. ಆಮೇಲೆ ಬೆಳಿಗ್ಗೆ ಎದ್ದ ಕೂಡಲೇ, ತಿಂಡಿ–ಊಟವಾದ 20–30 ನಿಮಿಷದೊಳಗೆ, ಮಲಗುವ ಮುನ್ನ ಚಡ್ಡಿ ತೆಗೆದು ಕೂರಿಸಿ. ಹೊಟ್ಟೆಗೆ ಊಟ ಬಿದ್ದಾಗ ದೊಡ್ಡ ಕರುಳು ತಾನಾಗಿ ಚುರುಕಾಗುತ್ತದೆ. ಅಜ್ಜಿಯರ ಲೆಕ್ಕವೂ ಇದೇ. ಮೂರರಿಂದ ಐದು ನಿಮಿಷ ಸಾಕು. ಕೈಗೆ ಮೊಬೈಲ್ ಕೊಟ್ಟರೆ ಹೊಟ್ಟೆಯೊಳಗೆ ಏನಾಗುತ್ತಿದೆ ಎಂಬ ಗಮನವೇ ಹೋಗುತ್ತದೆ.

ಎರಡು ವರ್ಷದ ಮಗುವಿನ ಮೂತ್ರಕೋಶ ಹಿಡಿಯುವುದು ಸುಮಾರು 90 ಮಿ.ಲೀ. ಅದಕ್ಕೇ ಒಂದೂವರೆ–ಎರಡು ತಾಸಿಗೊಮ್ಮೆ ಕರೆಯಿರಿ. ಕಾಲು ಗಂಟೆಗೊಮ್ಮೆ ಎಳೆದೊಯ್ದರೆ ಮೂತ್ರಕೋಶ ತುಂಬಿದ ಅನುಭವವೇ ಅವಳಿಗೆ ಆಗುವುದಿಲ್ಲ. 'ಸುಸ್ಸು ಬರ್ತಿದೆಯಾ?' ಎಂದು ಕೇಳಿದರೆ 'ಇಲ್ಲ' ಗ್ಯಾರಂಟಿ; 'ಬಾ, ಕೂರೋಣ' ಅನ್ನಿ. ಗುಂಡಿ, ಜಿಪ್ ಬೇಡ, ಎಲಾಸ್ಟಿಕ್ ಚಡ್ಡಿ ಇರಲಿ. ಹೆಣ್ಣುಮಗುವನ್ನು ಮುಂದಿನಿಂದ ಹಿಂದಕ್ಕೇ ತೊಳೆಯಿರಿ, ಹಿಂದಿನ ಕೊಳೆ ಮೂತ್ರದ ದಾರಿಗೆ ಬರಬಾರದು. ಪಾಟಿಯ ಕಕ್ಕವನ್ನು ಕಮೋಡಿಗೇ ಸುರಿಯಬೇಕು. ಮಗುವಿನದು ಎಂದ ಮಾತ್ರಕ್ಕೆ ಅದರಲ್ಲಿ ರೋಗಾಣು ಕಡಿಮೆಯಿಲ್ಲ. ಸೋಪಿನಲ್ಲಿ ಕೈ ತೊಳೆಯುವುದು ಇಬ್ಬರಿಗೂ ಕಡ್ಡಾಯ.

ಪ್ರಶ್ನೆ: ಮಗನಿಗೆ ಎರಡೂವರೆ ವರ್ಷ. ಸುಸ್ಸು ಕಮೋಡಿನಲ್ಲೇ ಮಾಡುತ್ತಾನೆ. ಕಕ್ಕ ಮಾತ್ರ ಡಯಾಪರ್ ಕಟ್ಟಿದರೇ, ಅದೂ ಮೂರು ನಾಲ್ಕು ದಿನಕ್ಕೊಮ್ಮೆ. ಪರದೆ ಹಿಂದೆ ನಿಂತು ಕಾಲು ಬಿಗಿದು ಮುಖ ಕೆಂಪು ಮಾಡಿಕೊಳ್ಳುತ್ತಾನೆ. ಈ ಹಟ ಬಿಡಿಸುವುದು ಹೇಗೆ?
(ಬೆಂಗಳೂರು)

ನೀವು ಬರೆದಿರುವುದರಲ್ಲಿ ಮುಖ್ಯವಾದದ್ದು 'ಮೂರು ನಾಲ್ಕು ದಿನಕ್ಕೊಮ್ಮೆ' ಎಂಬ ಮಾತು. ಇದು ಹೆಚ್ಚಾಗಿ ಹಟವಾಗಿರುವುದಿಲ್ಲ, ಮಲಬದ್ಧತೆ. ತುದಿಗಾಲಲ್ಲಿ ನಿಂತು ತೊಡೆ ಬಿಗಿಯುವ ಮಗು ತಿಣುಕುತ್ತಿದೆ ಎಂದು ದೊಡ್ಡವರು ತಿಳಿಯುತ್ತಾರೆ. ನಿಜಕ್ಕೂ ಅದು ತಡೆಹಿಡಿಯುತ್ತಿರುತ್ತದೆ. ಎಂದೋ ಒಮ್ಮೆ ಗಟ್ಟಿ ಕಕ್ಕ ಹೋಗಿ ನೋವಾಗಿರುತ್ತದೆ. ಮರುದಿನ ಹೆದರಿ ತಡೆಯುತ್ತದೆ. ಒಳಗೇ ಉಳಿದ ಮಲದ ನೀರನ್ನು ಕರುಳು ಹೀರುತ್ತದೆ, ಅದು ಇನ್ನಷ್ಟು ಗಟ್ಟಿಯೂ ದಪ್ಪವೂ ಆಗಿ ಮತ್ತೆ ನೋಯಿಸುತ್ತದೆ. ಹೀಗೇ ತಿಂಗಳುಗಟ್ಟಲೆ ನಡೆದರೆ ಗುದನಾಳ ಹಿಗ್ಗಿ, 'ಬಂತು' ಎಂಬ ಸೂಚನೆಯೇ ಮಂದವಾಗುತ್ತದೆ. ಗಟ್ಟಿ ಉಂಡೆಯ ಪಕ್ಕದಿಂದ ನೀರುಮಲ ಸೋರಿ ಚಡ್ಡಿಗೆ ಅಂಟುವುದೂ ಉಂಟು. ಅದನ್ನು ಭೇದಿ ಎಂದುಕೊಂಡು ಮಲ ಮೆತ್ತಗಾಗಿಸುವ ಔಷಧ ನಿಲ್ಲಿಸಿದರೆ ಕೆಲಸ ಕೆಟ್ಟಿತು.

ಆದ್ದರಿಂದ ಡಯಾಪರ್ ಕಿತ್ತುಕೊಳ್ಳಬೇಡಿ. ಮೊದಲು ಮಲ ಮೆತ್ತಗಾಗಲಿ. ಮಕ್ಕಳ ವೈದ್ಯರು ಸಾಮಾನ್ಯವಾಗಿ ಪಾಲಿಎಥಿಲೀನ್ ಗ್ಲೈಕಾಲ್ ಪುಡಿ ಅಥವಾ ಲ್ಯಾಕ್ಟುಲೋಸ್ ಸಿರಪ್ ಬರೆಯುತ್ತಾರೆ. ಪ್ರಮಾಣ ಮಗುವಿನ ತೂಕ ನೋಡಿ ಅವರೇ ಹೇಳಬೇಕು. ಎರಡು ದಿನ ಸಲೀಸಾಗಿ ಹೋಯಿತೆಂದು ಬಾಟಲಿ ಎತ್ತಿಡುವುದೇ ಎಲ್ಲರೂ ಮಾಡುವ ತಪ್ಪು. ಹಿಗ್ಗಿದ ಗುದನಾಳ ಮೊದಲಿನಂತಾಗಲು ತಿಂಗಳುಗಳೇ ಬೇಕು, ಔಷಧವೂ ಅಷ್ಟು ಕಾಲ ಬೇಕಾಗಬಹುದು. ಅಭ್ಯಾಸವಾಗಿಬಿಡುತ್ತದೆಂಬ ಭಯ ಬೇಡ. ವೀಳ್ಯದೆಲೆ ತೊಟ್ಟಿಗೆ ಎಣ್ಣೆ ಸವರಿ ಒಳಗಿಡುವುದು, ಸೋಪಿನ ಚೂರು, ಹರಳೆಣ್ಣೆ ಕುಡಿಸುವುದು ಇವೆಲ್ಲ ಬೇಡವೇ ಬೇಡ: ಮೊದಲೇ ಹೆದರಿರುವ ಜಾಗಕ್ಕೆ ಇನ್ನೊಂದು ಪೆಟ್ಟು.

ಹಾಲು ದಿನಕ್ಕೆ 400–500 ಮಿ.ಲೀ. ದಾಟದಿರಲಿ, ಹಾಲು ಕುಡಿದು ಹೊಟ್ಟೆ ತುಂಬಿದ ಮಗು ಅನ್ನ–ಪಲ್ಯ ಮುಟ್ಟುವುದಿಲ್ಲ. ನೆನೆಸಿ ಕಿವುಚಿದ ಒಣದ್ರಾಕ್ಷಿ, ಪಪ್ಪಾಯಿ, ಹುರುಳಿಕಾಯಿ ಪಲ್ಯ, ಸಾರಿನ ಬೇಳೆ–ತರಕಾರಿ ಕೊಡಿ, ನೀರು ಕುಡಿಸಿ. ಆದರೆ ಕಟ್ಟಿಕೊಂಡ ಗಟ್ಟಿ ಮಲ ಬರೀ ಪಪ್ಪಾಯಿಯಿಂದ ಕರಗದು.

ಎರಡು ವಾರ ದಿನವೂ ಮೆತ್ತಗೆ ಹೋದ ಮೇಲೆ ಜಾಗ ಬದಲಿಸಿ. ಮೊದಲು ಡಯಾಪರ್ ಕಟ್ಟಿಕೊಂಡೇ ಪರದೆ ಬಿಟ್ಟು ಬಾತ್‌ರೂಮಿನಲ್ಲಿ ನಿಲ್ಲಲಿ. ಕೆಲವು ದಿನ ಬಿಟ್ಟು ಡಯಾಪರ್ ಸಮೇತ ಸೀಟಿನ ಮೇಲೆ. ಬಳಿಕ ಅಂಟು ಸಡಿಲಿಸಿ, ಕೊನೆಗೆ ತೆಗೆದು. ಕಮೋಡಿಗೆ ಮಕ್ಕಳ ಸೀಟಿನ ಬಳೆ, ಕಾಲಡಿಗೆ ಗಟ್ಟಿ ಮಣೆ ಬೇಕೇ ಬೇಕು. ಮೊಣಕಾಲು ಸೊಂಟಕ್ಕಿಂತ ತುಸು ಮೇಲಿರಬೇಕು. ಕಾಲು ನೇತಾಡಿದರೆ ಹೊಟ್ಟೆಗೆ ಒತ್ತು ಸಿಗದು. ಪೀಪಿ ಊದಲು ಕೊಡಿ, ಊದುವಾಗ ಹೊಟ್ಟೆ ತಾನೇ ಒತ್ತುತ್ತದೆ. ಫ್ಲಶ್ ಸದ್ದಿಗೆ ಬೆಚ್ಚುತ್ತಿದ್ದರೆ ಅವನು ಹೊರಗೆ ಹೋದ ಮೇಲೆ ಎಳೆಯಿರಿ.

ಪ್ರಶ್ನೆ: ರಜೆಗೆ ಊರಿಗೆ ಹೋದರೆ ಅಲ್ಲಿ ಇಂಡಿಯನ್ ಶೌಚಾಲಯ. ಮೂರು ವರ್ಷದ ಮಗಳು ಕುಳಿತುಕೊಳ್ಳಲು ಹೆದರುತ್ತಾಳೆ.
(ಹುಬ್ಬಳ್ಳಿ)

ಕುಕ್ಕರಗಾಲಲ್ಲಿ ಕೂರುವುದು ಮಲವಿಸರ್ಜನೆಗೆ ಒಳ್ಳೆಯ ಭಂಗಿಯೇ. ಹೆದರಿಕೆ ಆ ತೂತಿನದು, ಹಾಗೂ ಪಾದದ ಗುರುತುಗಳು ಅವಳ ಕಾಲಿಗೆ ಅಗಲವಾಗುತ್ತವೆ. ಪಾಟಿ ಕುರ್ಚಿ ಜೊತೆಗೆ ಒಯ್ಯಿರಿ. ಇಲ್ಲವಾದರೆ ನೆಲ ಒರೆಸಿ, ತೂತಿನಿಂದ ದೂರ, ಪ್ಯಾನಿನ ಆಳವಿಲ್ಲದ ಭಾಗದ ಮೇಲೆ ಕೂರಿಸಿ, ಎದುರು ಕೂತು ಎರಡೂ ಕೈ ಹಿಡಿದುಕೊಳ್ಳಿ.

ಪ್ರಶ್ನೆ: ನಾಲ್ಕು ವರ್ಷದ ಮಗ ಹಗಲು ಪೂರಾ ಕಲಿತಿದ್ದಾನೆ. ರಾತ್ರಿ ಹಾಸಿಗೆ ಒದ್ದೆ.
(ಶಿವಮೊಗ್ಗ)

ಇದು ಕಲಿಸಿ ಬರುವಂಥದ್ದಲ್ಲ. ನಿದ್ದೆಯಲ್ಲಿ ಮೂತ್ರ ಕಡಿಮೆ ಮಾಡುವ ಹಾರ್ಮೋನು, ತುಂಬಿದಾಗ ಎಚ್ಚರಿಸುವ ನರವ್ಯವಸ್ಥೆ ಇವು ಬಲಿಯಲು ಹೊತ್ತು ಬೇಕು. ಐದರವರೆಗೆ ಚಿಕಿತ್ಸೆಯ ಮಾತೇ ಇಲ್ಲ. ನೀರು ಹಗಲಲ್ಲಿ ಚೆನ್ನಾಗಿ ಕುಡಿಸಿ, ರಾತ್ರಿ ಕಡಿಮೆ ಮಾಡಿ. ಹಾಸಿಗೆಗೆ ರಬ್ಬರ್ ಶೀಟು ಹಾಕಿ. ಮಲಬದ್ಧತೆ ಇದ್ದರೆ ಅದನ್ನು ಸರಿಪಡಿಸಿ, ತುಂಬಿದ ಕರುಳು ಮೂತ್ರಕೋಶವನ್ನು ಒತ್ತುತ್ತದೆ. ಆರು ತಿಂಗಳು ಒಣಗಿದ್ದವನು ಮತ್ತೆ ಒದ್ದೆ ಮಾಡತೊಡಗಿದರೆ, ಅಥವಾ ಉರಿ, ಜ್ವರವಿದ್ದರೆ ಮೂತ್ರ ಪರೀಕ್ಷೆ ಮಾಡಿಸಿ. ಜೊತೆಗೆ ವಿಪರೀತ ಬಾಯಾರಿಕೆ, ತೂಕ ಇಳಿಕೆಯೂ ಕಂಡರೆ ಅಂದೇ ವೈದ್ಯರ ಬಳಿ ಹೋಗಿ ರಕ್ತದ ಸಕ್ಕರೆ ನೋಡಿಸಬೇಕು.