ಹೊಸ ಮನೆ ಮುಂದೆ ನಿಂಬೆ, ಮೋಸಂಬಿ ಗಿಡ ನೆಟ್ಟಿದ್ದೇವೆ, ಎಲೆ ಹಳದಿ ಆಗ್ತಿದೆ. ಯಾವ ಗೊಬ್ಬರ ಹಾಕಬೇಕು?

ಗೊಬ್ಬರ ಆಮೇಲೆ. ಮೊದಲು ಗಿಡದಿಂದ ಸ್ವಲ್ಪ ದೂರದಲ್ಲಿ ಒಂದೂವರೆ ಅಡಿ ಅಗೆದು ನೋಡಿ.

ಮೈಸೂರಿನ ಹೊರಗೆ ಹೊಸ ಬಡಾವಣೆಯಲ್ಲಿ ಮನೆ ಕಟ್ಟಿಸಿದಾಗ ನನಗೂ ಹೀಗೇ ಆಗಿತ್ತು. ಎಳೆ ಎಲೆಯೆಲ್ಲ ಹಳದಿ, ನರ ಮಾತ್ರ ಹಸಿರು. ಯೂರಿಯಾ ಹಾಕಿದೆ, ಹಿಂಡಿ ಹಾಕಿದೆ, ಯಾರೋ ಹೇಳಿದರು ಅಂತ ಹುಳಿ ಮಜ್ಜಿಗೆನೂ ಹೊಯ್ದೆ. ಏನೂ ಆಗಲಿಲ್ಲ. ಬೇಜಾರಾಗಿ ಕಿತ್ತು ಬೇರೆ ಕಡೆ ನೆಡೋಣ ಅಂತ ಗುದ್ದಲಿ ಹಾಕಿದರೆ ಠಣ್ ಅಂತು. ಮೇಲೆ ಒಂದು ಗೇಣು ಕೆಂಪು ಮಣ್ಣು, ಅದರ ಕೆಳಗೆಲ್ಲ ಗಾರೆ ಚೂರು, ಇಟ್ಟಿಗೆ ತುಂಡು, ಚೀಲದ ಸಮೇತ ಕಲ್ಲಾಗಿ ಕೂತಿದ್ದ ಅರ್ಧ ಮೂಟೆ ಸಿಮೆಂಟು! ಸಿಮೆಂಟಿನ ಸುಣ್ಣದಿಂದ ಮಣ್ಣು ಕ್ಷಾರ ಆಗುತ್ತೆ, ಆಗ ಮಣ್ಣಲ್ಲಿ ಕಬ್ಬಿಣ ಇದ್ದರೂ ಬೇರಿಗೆ ಸಿಗಲ್ಲ. ಜೊತೆಗೆ ಬೋರಿನ ಗಡಸು ನೀರು ಬೇರೆ.

ಎರಡೂವರೆ ಅಡಿ ಗುಂಡಿ ತೆಗೆಸಿ, ಕಸವೆಲ್ಲ ಎತ್ತಿಸಿ, ಹೊರಗಿನ ಕೆಂಪು ಮಣ್ಣಿಗೆ ಕೊಟ್ಟಿಗೆ ಗೊಬ್ಬರ, ಬೇವಿನ ಹಿಂಡಿ ಬೆರೆಸಿ ಮತ್ತೆ ನೆಟ್ಟೆ. ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯವರ ಸಿಟ್ರಸ್ ಸ್ಪೆಷಲ್ ಅಂತ ನಿಂಬೆ ಜಾತಿ ಗಿಡಕ್ಕೆ ಪೋಷಕಾಂಶದ ಒಂದು ಪುಡಿ ಬರುತ್ತೆ, ಅದನ್ನ ನೀರಲ್ಲಿ ಕಲಸಿ ಎಲೆಗೆ ಸಿಂಪಡಿಸಿದೆ. ಆಮೇಲೆ ಬಂದ ಚಿಗುರು ಹಸಿರಾಗೇ ಬಂತು.

ನೆಡುವಾಗ ಕಸಿ ಕಟ್ಟಿದ ಗಂಟು ಮಣ್ಣಿಂದ ಒಂದು ಗೇಣು ಮೇಲಿರಲಿ. ಆ ಗಂಟಿನ ಕೆಳಗೆ ಹೊರಟ ಚಿಗುರನ್ನ ಆಗಾಗ ಚಿವುಟಿ ಹಾಕಿ. ನಾನು ಚಿವುಟಲಿಲ್ಲ, ಅಬ್ಬಾ ಎಷ್ಟು ಜೋರಾಗಿ ಬೆಳೀತಿದೆ ಅಂತ ಖುಷಿಪಟ್ಟುಕೊಂಡು ಅದಕ್ಕೇ ಕೋಲು ಕಟ್ಟಿ ನಿಲ್ಲಿಸಿದೆ. ಮೂರನೇ ವರ್ಷ ಮುಳ್ಳಿನ ಮಧ್ಯೆ ಕಾಯಿ ಬಿಟ್ಟಿತು, ನೋಡೋಕೆ ಕಿತ್ತಳೆ ಥರ, ಬಾಯಿಗಿಟ್ಟರೆ ಹುಣಸೆಗಿಂತ ಹುಳಿ. ಕಸಿಗೆ ಬೇರಿನ ಗಿಡವಾಗಿ ಕೆಳಗಿದ್ದ ರಂಗಪುರ ನಿಂಬೆ ಬೆಳೆದು, ಅದರ ಮೇಲೆ ಕಟ್ಟಿದ್ದ ಮೋಸಂಬಿ ಸತ್ತೇ ಹೋಗಿತ್ತು. ಉಪ್ಪಿನಕಾಯಿಗೇನೋ ಆಯಿತು ಅನ್ನಿ.

ನೀರು ಬುಡಕ್ಕೆ ಹಾಕಬೇಡಿ. ಕಾಂಡದಿಂದ ಒಂದಡಿ ಬಿಟ್ಟು ಸುತ್ತ ಪಾತಿ ಮಾಡಿ ಅಲ್ಲಿಗೆ ಹಾಕಿ. ಬುಡದಲ್ಲಿ ನೀರು ನಿಂತರೆ ತೊಗಟೆ ಕೊಳೆತು ಅಂಟು ಸುರಿಯುತ್ತೆ, ಆಮೇಲೆ ಗಿಡ ಉಳಿಸೋದು ಕಷ್ಟ.

ಎಲೆ ಮೇಲೆ ಬೆಳ್ಳಗೆ ಗೀಟು ಎಳೆದ ಹಾಗಿದ್ದರೆ ಅದು ರಂಗೋಲಿ ಹುಳ, ಒಂದೆರಡು ಎಲೆ ಆದರೆ ಕಿತ್ತು ಬಿಸಾಕಿ ಸಾಕು. ಹಕ್ಕಿ ಹಿಕ್ಕೆ ಬಿದ್ದ ಹಾಗೆ ಕಾಣೋದು ಚಿಟ್ಟೆಯ ಮರಿಹುಳ, ಮುಟ್ಟಿದರೆ ತಲೆಯಿಂದ ಎರಡು ಕೊಂಬು ಹೊರಗೆ ಹಾಕಿ ಗಬ್ಬು ವಾಸನೆ ಬಿಡುತ್ತೆ. ನಾಲ್ಕೈದು ಸೇರಿದರೆ ಎಳೆ ಗಿಡಾನ ಕೆಲವೇ ದಿನದಲ್ಲಿ ಬೋಳು ಮಾಡ್ತವೆ. ಪಕ್ಕದಲ್ಲಿ ಕರಿಬೇವಿನ ಗಿಡ ಇದ್ದರೆ ಅಲ್ಲೂ ನೋಡಿ, ಎರಡೂ ಒಂದೇ ಕುಟುಂಬದ ಗಿಡ. ನಾನು ಗಿಡಕ್ಕೆ ಕೀಟನಾಶಕ ಏನೂ ಹೊಡೆಯಲ್ಲ, ನಿಂಬೆ ಮೇಲಿನ ಹುಳ ಎತ್ತಿ ಕರಿಬೇವಿಗೆ ಬಿಡ್ತೀನಿ. ಮನೆಯವರಿಗೆ ಇದು ಇನ್ನೂ ಗೊತ್ತಿಲ್ಲ.