ಟೀಮಿನಲ್ಲಿ ಜಾಗ ಕೊಡುವವರು ದೇವರನ್ನೂ ಕೊಡಬೇಕೇ?

(ಅಮೆರಿಕದ ದಕ್ಷಿಣ ಕ್ಯಾರೊಲೈನಾದಲ್ಲಿ ನೆಲೆಸಿರುವ, ಹಾಸನ ಕಡೆಯ ಓದುಗರೊಬ್ಬರ ಪತ್ರದ ಸಾರ ಇಷ್ಟು: ಅವರ ಆಫೀಸಿನ ಗೆಳೆಯ ಕ್ಲೆಮ್ಸನ್ ವಿಶ್ವವಿದ್ಯಾಲಯದ ಫುಟ್‌ಬಾಲ್ ತಂಡದ ಕಟ್ಟಾ ಅಭಿಮಾನಿ. ಬ್ಯಾಪ್ಟಿಸ್ಟ್ ಚರ್ಚಿನಲ್ಲೇ ಬೆಳೆದವರು. ಕೆಲವು ವರ್ಷಗಳ ಹಿಂದೆ ಕ್ರೈಸ್ತ ಧರ್ಮ ಬಿಟ್ಟಿದ್ದಾರೆ, ಶನಿವಾರದ ಮ್ಯಾಚ್ ಮಾತ್ರ ಬಿಟ್ಟಿಲ್ಲ. ‘ಕೋಚ್ ಆಟ ಕಲಿಸಲಿ, ಆತ್ಮದ ಉಸಾಬರಿ ಅವರಿಗೆ ಬೇಡ’ ಅನ್ನುತ್ತಾರೆ. ಓದುಗರಿಗೆ ಇದು ಹಿಡಿಸಿಲ್ಲ. ‘ಗುರು ಅಂದಮೇಲೆ ದೇವರ ದಾರಿಯನ್ನೂ ತೋರಿಸಬೇಕಲ್ವಾ? ಹುಟ್ಟಿದ ಧರ್ಮವನ್ನೇ ಬಿಟ್ಟವರು ಶಿಸ್ತಿನ ಬಗ್ಗೆ ಮಾತಾಡಬಹುದೇ?’ ಎಂದು ಕೇಳಿದ್ದಾರೆ. ಕೊನೆಗೆ ಒಂದು ಸಾಲು: ‘ನನ್ನ ಮಗನೂ ಸ್ಕೂಲ್ ಟೀಮ್ ಸೇರಿದ್ದಾನೆ. ಮ್ಯಾಚಿಗೆ ಮುಂಚೆ ಕೋಚ್ ಪ್ರಾರ್ಥನೆ ಮಾಡಿಸುತ್ತಾರೆ, ಇವನೂ ತಲೆ ಬಾಗಿಸಿ ನಿಲ್ಲುತ್ತಾನೆ.’)

ಸಂಪಾದಕರ ಉತ್ತರ:

ನಿಮ್ಮ ಪತ್ರ ಓದಿ ಮುಗಿಸುವ ಹೊತ್ತಿಗೆ ನಿಮಗಿಂತ ನಿಮ್ಮ ಗೆಳೆಯರೇ ನನಗೆ ಹತ್ತಿರದವರು ಅನ್ನಿಸಿದರು. ಬೇಸರ ಮಾಡಿಕೊಳ್ಳಬೇಡಿ. ಒಪ್ಪದ ಮಾತನ್ನೂ ನೀವು ಇಷ್ಟು ನೇರವಾಗಿ, ಏನೂ ಬಚ್ಚಿಡದೆ ಬರೆದಿದ್ದೀರಿ. ಅದಕ್ಕೇ ಇಷ್ಟು ಉದ್ದದ ಉತ್ತರ.

ಇಲ್ಲಿನ ಓದುಗರಿಗೆ ಒಂದು ಮಾತು. ಇದು ನಾವು ಆಡುವ ಕಾಲ್ಚೆಂಡಲ್ಲ. ಮೊಟ್ಟೆಯಾಕಾರದ ಚೆಂಡನ್ನು ಕಂಕುಳಲ್ಲಿ ಅವುಚಿಕೊಂಡು ಓಡುವ, ಹೆಲ್ಮೆಟ್ ಹಾಕಿಕೊಂಡು ಡಿಕ್ಕಿ ಹೊಡೆಯುವ ಅಮೆರಿಕನ್ ಫುಟ್‌ಬಾಲ್. ಅಲ್ಲಿ ಕಾಲೇಜು ಹುಡುಗರ ಮ್ಯಾಚಿಗೂ ಜನ ಮುಗಿಬೀಳುತ್ತಾರೆ. ಕ್ಲೆಮ್ಸನ್ ಸ್ಟೇಡಿಯಂನಲ್ಲಿ ಸುಮಾರು 80 ಸಾವಿರ ಜನ ಕೂರುತ್ತಾರೆ. ಮಿಷಿಗನ್ ವಿಶ್ವವಿದ್ಯಾಲಯದ್ದು ಒಂದು ಲಕ್ಷ ದಾಟುತ್ತದೆ. ಹಲವು ರಾಜ್ಯಗಳಲ್ಲಿ ಸರ್ಕಾರಿ ಸಂಬಳ ಪಡೆಯುವವರ ಪೈಕಿ ಎಲ್ಲರಿಗಿಂತ ಜಾಸ್ತಿ ಪಡೆಯುವವರು ಗವರ್ನರ್ ಅಲ್ಲ, ಕುಲಪತಿಯೂ ಅಲ್ಲ, ಫುಟ್‌ಬಾಲ್ ಕೋಚ್. ಅಂಥ ಕೋಚ್ ಬಾಯಿಬಿಟ್ಟರೆ ಊರಿಗೆ ಊರೇ ಕೇಳುತ್ತದೆ.

ಕ್ಲೆಮ್ಸನ್‌ನ ಕೋಚ್ ಡಾಬೊ ಸ್ವಿನ್ನಿ ಇಂಥವರೇ. 2008ರಿಂದ ಅಲ್ಲಿ ಮುಖ್ಯ ಕೋಚ್. 2016 ಮತ್ತು 2018ರ ಸೀಸನ್‌ಗಳಲ್ಲಿ ತಂಡಕ್ಕೆ ರಾಷ್ಟ್ರೀಯ ಚಾಂಪಿಯನ್ ಪಟ್ಟ ತಂದುಕೊಟ್ಟರು. ಕಷ್ಟದಿಂದ ಮೇಲೆ ಬಂದ ಮನುಷ್ಯ. ಅಲಬಾಮಾದಲ್ಲಿ ಓದುವಾಗ ಮನೆಯಿಲ್ಲದ ತಾಯಿಯನ್ನು ತನ್ನ ಬಾಡಿಗೆ ಕೋಣೆಯಲ್ಲೇ ಇಟ್ಟುಕೊಂಡಿದ್ದರು. ಅವರ ಕ್ರೈಸ್ತ ಭಕ್ತಿ ತೋರಿಕೆಯದಲ್ಲ. ಫ್ಲೋರಿಡಾ ಸ್ಟೇಟ್‌ನ ಕೋಚ್ ಆಗಿದ್ದ ಬಾಬಿ ಬೌಡನ್, ನೆಬ್ರಾಸ್ಕಾದ ಕೋಚ್ ಆಗಿದ್ದ ಟಾಮ್ ಆಸ್ಬರ್ನ್ ಕೂಡ ಹೀಗೇ ನಂಬಿಕೆಯನ್ನು ಬಚ್ಚಿಡದೆ ಬದುಕಿದವರು. ಅಪ್ಪನಿಲ್ಲದೆ ಬೆಳೆದ ಎಷ್ಟೋ ಹುಡುಗರು ಇಂಥವರ ಹತ್ತಿರ ಮನುಷ್ಯರಾದರು. ನಿಮ್ಮ ವಾದದಲ್ಲಿ ಹುರುಳಿರುವುದು ಇಲ್ಲಿ. ಅದನ್ನು ಒಪ್ಪುತ್ತೇನೆ.

ಆದರೆ 2012ರ ಒಂದು ದೃಶ್ಯ ನೋಡಿ. ಕ್ಲೆಮ್ಸನ್‌ನ ಪ್ರಾಕ್ಟೀಸ್ ಮೈದಾನ. ದನಗಳಿಗೆ ನೀರು ಕುಡಿಸುವಂಥ ಒಂದು ತೊಟ್ಟಿ ತಂದಿಟ್ಟು ನೀರು ತುಂಬಿಸಿದ್ದಾರೆ. ಡಿಆಂಡ್ರೆ ಹಾಪ್‌ಕಿನ್ಸ್ ಎಂಬ ಆಟಗಾರ ಆಟದ ಬಟ್ಟೆಯಲ್ಲೇ ಅದರೊಳಗೆ ಕೂತಿದ್ದಾನೆ. ಅಲ್ಲೇ ಅವನಿಗೆ ದೀಕ್ಷಾಸ್ನಾನ ಆಯಿತು. ತಂಡದವರೂ ಕೋಚ್‌ಗಳೂ ಸುತ್ತ ಇದ್ದರು. ಹಾಪ್‌ಕಿನ್ಸ್‌ಗೆ ಅದು ಮನಸಾರೆ ಬೇಕಿತ್ತು ಅಂತಲೇ ಇಟ್ಟುಕೊಳ್ಳೋಣ. ನನ್ನ ಯೋಚನೆ ಅವನ ಬಗ್ಗೆ ಅಲ್ಲ. ಅದೇ ಮೈದಾನದಲ್ಲಿ, ಮುಂದಿನ ವಾರ ಆಡಲು ಜಾಗ ಸಿಗುತ್ತೋ ಇಲ್ವೋ ಅಂತ ಕಾಯುತ್ತಾ ನಿಂತ ಹುಡುಗನ ಬಗ್ಗೆ. ಅವನು ಮುಸ್ಲಿಮನೋ, ಯಾವ ದೇವರನ್ನೂ ನಂಬದವನೋ ಆಗಿದ್ದರೆ? ಚಪ್ಪಾಳೆ ತಟ್ಟದೆ ನಿಲ್ಲುವ ಧೈರ್ಯ ಹತ್ತೊಂಬತ್ತರ ವಯಸ್ಸಿನಲ್ಲಿ ಎಷ್ಟು ಜನಕ್ಕೆ ಇರುತ್ತೆ, ಹೇಳಿ.

ಕ್ಲೆಮ್ಸನ್ ಸರ್ಕಾರಿ ವಿಶ್ವವಿದ್ಯಾಲಯ. 2014ರಲ್ಲಿ ಇದೇ ವಿಷಯಕ್ಕೆ ದೂರು ಹೋಯಿತು. ತಂಡಕ್ಕೊಬ್ಬ ಪಾದ್ರಿ ಯಾಕೆ, ಹುಡುಗರನ್ನು ಚರ್ಚಿಗೆ ಕರೆದುಕೊಂಡು ಹೋಗುವ ಏರ್ಪಾಡು ಯಾಕೆ ಅಂತ. ಎಲ್ಲವೂ ಅವರವರ ಇಷ್ಟ, ಬಲವಂತ ಇಲ್ಲ ಎಂದು ವಿಶ್ವವಿದ್ಯಾಲಯ ಹೇಳಿತು. ಯಾವ ಧರ್ಮದವರಿಗೂ, ಧರ್ಮವೇ ಇಲ್ಲದವರಿಗೂ ಇಲ್ಲಿ ಜಾಗ ಇದೆ ಎಂದು ಸ್ವಿನ್ನಿ ಹೇಳಿದರು. ಅವರು ಸುಳ್ಳು ಹೇಳಿದರು ಅಂತ ನಾನು ಹೇಳುವುದಿಲ್ಲ. ಆದರೆ ಸ್ಕಾಲರ್‌ಶಿಪ್ಪು, ಆಟ, ಮುಂದಿನ ದುಡಿಮೆ ಎಲ್ಲ ಯಾರ ಕೈಲಿದೆಯೋ ಅವರೇ ‘ನಿನ್ನಿಷ್ಟ’ ಅಂದರೆ, ಕೇಳಿಸಿಕೊಂಡವನಿಗೆ ಅದು ಬೇರೆ ಥರವೇ ಕೇಳಿಸುತ್ತದೆ.

ಟೆನೆಸ್ಸಿಯಲ್ಲಿ ಆಡಿ, ಮುಂದೆ ವೃತ್ತಿಪರ ಲೀಗಿನಲ್ಲಿ ದೊಡ್ಡ ಹೆಸರು ಮಾಡಿದ ಏರಿಯನ್ ಫಾಸ್ಟರ್ ಇದನ್ನು ಬಾಯಿಬಿಟ್ಟು ಹೇಳಿದರು. ಮುಸ್ಲಿಂ ಮನೆಯಲ್ಲಿ ಬೆಳೆದವರು. ನನಗೆ ಯಾವ ದೇವರಲ್ಲೂ ನಂಬಿಕೆ ಇಲ್ಲ ಎಂದು 2015ರಲ್ಲಿ ಬಹಿರಂಗವಾಗಿ ಹೇಳಿದಾಗ, ಕಾಲೇಜು ತಂಡದಲ್ಲಿದ್ದಾಗ ಎಲ್ಲರ ಜೊತೆ ಚರ್ಚಿಗೆ ಹೋಗಬೇಕಾಗಿ ಬಂದದ್ದನ್ನೂ ನೆನೆಸಿಕೊಂಡಿದ್ದರು. ಅದನ್ನು ಹೇಳುವ ಹೊತ್ತಿಗೆ ಅವರು ಹೆಸರು, ಹಣ ಎರಡನ್ನೂ ಗಳಿಸಿಯಾಗಿತ್ತು. ಬೆಂಚಿನಲ್ಲಿ ಕೂತ ಹುಡುಗನಿಗೆ ಆ ಅನುಕೂಲ ಎಲ್ಲಿಂದ ಬರಬೇಕು?

ಈಗ ನಿಮ್ಮ ಎರಡನೇ ಪ್ರಶ್ನೆ. ಧರ್ಮ ಬಿಟ್ಟವರಿಗೆ ಶಿಸ್ತಿನ ಮಾತು ಯಾಕೆ, ಅಂತ. ಇಲ್ಲಿ ಮಾತ್ರ ನಿಮ್ಮನ್ನು ಸ್ವಲ್ಪ ಗದರಲೇಬೇಕು. ದಕ್ಷಿಣ ಕ್ಯಾರೊಲೈನಾದಂಥ ಕಡೆ ಬ್ಯಾಪ್ಟಿಸ್ಟ್ ಚರ್ಚ್ ಬಿಡುವುದೆಂದರೆ ಭಾನುವಾರ ಲೇಟಾಗಿ ಏಳುವುದು ಅಂದುಕೊಂಡಿರಾ? ಭಾನುವಾರ ಬೆಳಗಿನ ಪಾಠ, ಬುಧವಾರ ರಾತ್ರಿಯ ಊಟ, ಮದುವೆ, ಮಣ್ಣು, ಕೆಲಸ ಹೋದಾಗ ಮನೆಬಾಗಿಲಿಗೆ ಬರುವ ಅಡುಗೆ ಎಲ್ಲವೂ ಆ ಚರ್ಚಿನಿಂದಲೇ. ಅದನ್ನು ಬಿಟ್ಟವರು ನೆಂಟರನ್ನೂ ಅರ್ಧಕ್ಕರ್ಧ ಬಿಟ್ಟ ಹಾಗೆ. ನಿಮ್ಮ ಗೆಳೆಯರ ಅಮ್ಮ ಈಗಲೂ ಪ್ರತಿ ಫೋನಿನ ಕೊನೆಗೆ ಅಳುತ್ತಾರೆ ಎಂದು ನೀವೇ ಬರೆದಿದ್ದೀರಿ. ಸುಮ್ನೆ ಸೋಮಾರಿತನಕ್ಕೆ ಯಾರಾದರೂ ಅಷ್ಟು ನೋವು ಮೈಮೇಲೆ ಎಳೆದುಕೊಳ್ಳುತ್ತಾರಾ?

ಅವರು ಒಂಟಿಯೂ ಅಲ್ಲ. ಪ್ಯೂ ಸಂಸ್ಥೆಯ ಸಮೀಕ್ಷೆ ಪ್ರಕಾರ 2007ರಲ್ಲಿ ಅಮೆರಿಕದ ವಯಸ್ಕರಲ್ಲಿ ಶೇ. 78ರಷ್ಟು ಜನ ತಾವು ಕ್ರೈಸ್ತರು ಎನ್ನುತ್ತಿದ್ದರು. 2023–24ರ ಹೊತ್ತಿಗೆ ಅದು ಶೇ. 62ಕ್ಕೆ ಇಳಿಯಿತು. ಯಾವ ಧರ್ಮಕ್ಕೂ ಸೇರಿಲ್ಲ ಎನ್ನುವವರು ಶೇ. 16ರಿಂದ 29ಕ್ಕೆ ಏರಿದರು. ಇಷ್ಟು ಜನ ಯಾಕೆ ಎದ್ದು ಹೋದರು ಎನ್ನುವುದಕ್ಕೆ ಕಾರಣ ಒಂದಲ್ಲ. ಕೆಲವರಿಗೆ ನರಕದ ಬೋಧನೆ ಒಪ್ಪಿಗೆಯಾಗಲಿಲ್ಲ, ಕೆಲವರಿಗೆ ಚರ್ಚಿನ ರಾಜಕೀಯ. ಹೇಳುವುದೊಂದು ಮಾಡುವುದೊಂದು ಕಂಡು ಬೇಸತ್ತವರೂ ತುಂಬ ಜನ. ಇದಕ್ಕೆ ಫುಟ್‌ಬಾಲ್ ಜಗತ್ತಿನಲ್ಲೇ ಉದಾಹರಣೆ ಬೇಕಾದರೆ ಹ್ಯೂ ಫ್ರೀಜ್ ಇದ್ದಾರೆ. ಮಿಸಿಸಿಪ್ಪಿ ವಿಶ್ವವಿದ್ಯಾಲಯದ ಕೋಚ್ ಆಗಿದ್ದಾಗ ಬೈಬಲ್ ವಚನಗಳನ್ನು ಹಂಚಿಕೊಳ್ಳುವುದಕ್ಕೆ ಹೆಸರಾಗಿದ್ದವರು. 2017ರಲ್ಲಿ, ವಿಶ್ವವಿದ್ಯಾಲಯ ಕೊಟ್ಟ ಫೋನಿನಿಂದ ಎಸ್ಕಾರ್ಟ್ ಸೇವೆಯ ನಂಬರಿಗೆ ಕರೆ ಹೋದದ್ದು ಬೆಳಕಿಗೆ ಬಂದು ರಾಜೀನಾಮೆ ಕೊಟ್ಟರು. ಮುಂದಿನ ವರ್ಷವೇ ಅವರನ್ನು ಕರೆದು ಕೆಲಸ ಕೊಟ್ಟದ್ದು ಲಿಬರ್ಟಿ, ದೇಶದ ಅತಿ ಹೆಸರುವಾಸಿ ಕ್ರೈಸ್ತ ವಿಶ್ವವಿದ್ಯಾಲಯಗಳಲ್ಲಿ ಒಂದು. ಕ್ಷಮೆ ದೊಡ್ಡ ಗುಣ, ಒಪ್ಪೋಣ. ಆದರೆ ಗೆಲ್ಲಿಸಿಕೊಡುವ ಕೋಚಿಗೆ ಇಷ್ಟು ಬೇಗ ಸಿಗುವ ಕ್ಷಮೆ, ಪ್ರಶ್ನೆ ಕೇಳಿ ಹೊರಟ ಮಗನಿಗೆ ಯಾಕೆ ಸಿಗುವುದಿಲ್ಲ? ನಿಮ್ಮ ಗೆಳೆಯರ ಸಂಕಟ ಇದೇ ಇರಬೇಕು ಅನ್ನಿಸುತ್ತೆ ನನಗೆ.

ಪ್ರಶ್ನೆ ಕೇಳುವವರನ್ನು ಕಂಡರೆ ಆಗದಿರುವುದು ಚರ್ಚಿಗೆ ಮಾತ್ರ ಅಂಟಿದ ರೋಗವಲ್ಲ. 2023ರ ಅಕ್ಟೋಬರ್ ಕೊನೆ. ಕ್ಲೆಮ್ಸನ್ ಎಂಟು ಮ್ಯಾಚಿನಲ್ಲಿ ನಾಲ್ಕು ಸೋತಿತ್ತು. ಸ್ವಿನ್ನಿಯವರ ರೇಡಿಯೊ ಕಾರ್ಯಕ್ರಮಕ್ಕೆ ಅಭಿಮಾನಿಯೊಬ್ಬ ಫೋನ್ ಮಾಡಿ, ವರ್ಷಕ್ಕೆ ಒಂದು ಕೋಟಿ ಡಾಲರ್‌ಗೂ ಜಾಸ್ತಿ ಸಂಬಳ ತಗೊಂಡು ಇದೇನು ಆಟ ಅಂತ ಕೇಳಿಬಿಟ್ಟ. ಕೋಚ್ ಸಿಡಿದೆದ್ದರು. ನಿಮ್ಮಂಥವರಿಂದಲೇ ತೊಂದರೆ ಅಂತ ನಿಮಿಷಗಟ್ಟಲೆ ಅವನನ್ನು ತರಾಟೆಗೆ ತೆಗೆದುಕೊಂಡರು. ಆಮೇಲೆ ಉಳಿದ ಮ್ಯಾಚುಗಳನ್ನೆಲ್ಲ ಗೆದ್ದರು ಅನ್ನುವುದೂ ನಿಜ. ಆದರೂ ಟಿಕೆಟ್ ಕೊಂಡು, ಬಿಸಿಲಲ್ಲಿ ಕೂತು, ಗಂಟಲು ಹರಿಯುವಂತೆ ಕೂಗುವ ಅಭಿಮಾನಿಗೆ ಕೇಳುವ ಹಕ್ಕಿಲ್ಲವೇ?

ಆಟ ಕಲಿಸುವುದು ಅಂದರೇನು ಎನ್ನುವುದಕ್ಕೆ ನನಗೆ ಬಹಳ ಹಿಡಿಸಿದ ಕತೆ ಬೇರೆ. 1998ರಲ್ಲಿ ಹೆಸರಾಂತ ಕೋಚ್ ನಿಕ್ ಸೇಬನ್ ಇನ್ನೂ ಮಿಷಿಗನ್ ಸ್ಟೇಟ್ ವಿಶ್ವವಿದ್ಯಾಲಯದಲ್ಲಿದ್ದರು. ದೇಶದಲ್ಲೇ ಮೊದಲ ಸ್ಥಾನದಲ್ಲಿದ್ದ ಒಹಾಯೊ ಸ್ಟೇಟ್ ಜೊತೆ ಮ್ಯಾಚ್. ಮಿಷಿಗನ್ ಸ್ಟೇಟ್‌ನವರೇ ಆದ ಮನೋವೈದ್ಯ ಲಯೊನೆಲ್ ರೋಸನ್ ಅವರ ಸಲಹೆಯಿಂದ ಸೇಬನ್ ಹುಡುಗರ ಗಮನವನ್ನು ಸ್ಕೋರ್ ಬೋರ್ಡಿನಿಂದ ತಿರುಗಿಸಿದರು. ಒಂದು ಸಲ ಚೆಂಡು ಹೊರಟರೆ ಆಟ ನಡೆಯುವುದು ಹೆಚ್ಚುಕಡಿಮೆ ಏಳು ಸೆಕೆಂಡ್. ಆ ಏಳು ಸೆಕೆಂಡ್ ಸರಿಯಾಗಿ ಆಡಿ, ಮುಗೀತು, ಮರೆತುಬಿಡಿ, ಮುಂದಿನ ಏಳು ಸೆಕೆಂಡ್. ಹದಿನೈದು ಪಾಯಿಂಟ್ ಹಿಂದಿದ್ದವರು 28–24ರಿಂದ ಗೆದ್ದರು. ಸೇಬನ್ ಮುಂದೆ ಏಳು ರಾಷ್ಟ್ರೀಯ ಚಾಂಪಿಯನ್ ಪಟ್ಟ ಗೆದ್ದು 2024ರಲ್ಲಿ ನಿವೃತ್ತರಾದರು. ಸೇಬನ್ ಸ್ವತಃ ಕ್ಯಾಥೊಲಿಕ್, ಚರ್ಚಿಗೆ ಹೋಗುವವರು. ಆದರೆ ಆ ಏಳು ಸೆಕೆಂಡಿನ ಪಾಠವನ್ನು ಯಾವ ಧರ್ಮದ ಹುಡುಗನೂ ಅಳುಕಿಲ್ಲದೆ ಕಲಿಯಬಹುದು.

ಇನ್ನೊಂದು ಕತೆಯನ್ನೂ ಹೇಳಲೇಬೇಕು. 2018ರ ಮೇ ತಿಂಗಳು. ಮೇರಿಲ್ಯಾಂಡ್ ವಿಶ್ವವಿದ್ಯಾಲಯದ ಜೋರ್ಡನ್ ಮೆಕ್‌ನೇರ್ ಎಂಬ ಹತ್ತೊಂಬತ್ತರ ಹುಡುಗ ಓಟದ ತರಬೇತಿಯಲ್ಲಿ ಬಿಸಿಲಿಗೆ ಬಸವಳಿದ. ಬಿಸಿಲಾಘಾತವಾದವರನ್ನು ಕೂಡಲೇ ತಣ್ಣೀರಿನಲ್ಲಿ ಮುಳುಗಿಸಬೇಕು. ಅವನಿಗೆ ಹಾಗೆ ಮಾಡಲಿಲ್ಲ. ಜೂನ್‌ನಲ್ಲಿ ತೀರಿಕೊಂಡ. ಹುಡುಗರನ್ನು ಹೆದರಿಸಿ, ಅವಮಾನಿಸಿ ‘ಗಟ್ಟಿ’ ಮಾಡುವ ವಾತಾವರಣ ಆ ತಂಡದಲ್ಲಿ ಇತ್ತೆಂಬ ಆರೋಪಗಳು ಆಮೇಲೆ ಹೊರಬಂದವು. ಸಾಕು, ಇನ್ನಾಗಲ್ಲ ಅಂತ ಬಾಯಿಬಿಟ್ಟು ಹೇಳುವುದು ಅಂಥ ಕಡೆ ಎಷ್ಟು ಕಷ್ಟ ಅಲ್ವಾ? ದೇಹದ ವಿಷಯದಲ್ಲೇ ಹೀಗಿರುವಾಗ, ಮನಸ್ಸಿನೊಳಗಿನ ನಂಬಿಕೆ ವಿಷಯದಲ್ಲಿ ‘ಬೇಡ’ ಅನ್ನುವವರು ಯಾರು?

ನಮ್ಮಲ್ಲೂ ಇದೇ ಗೋಳು. ಎಷ್ಟು ಅಪ್ಪ-ಅಮ್ಮಂದಿರು ಮಗುವನ್ನು ಹಾಸ್ಟೆಲಿಗೆ ಬಿಡುವಾಗ ‘ಹೊಡೆದಾದರೂ ಬುದ್ಧಿ ಕಲಿಸಿ ಸಾರ್’ ಅಂತ ಹೇಳಿ ಬರುವುದಿಲ್ಲ? ಕರಾವಳಿ ಕಡೆಯ ಒಂದು ಕಾಲೇಜಿನ ಹುಡುಗ ನಮ್ಮ ಪತ್ರಿಕೆಗೆ ಬರೆದಿದ್ದ. ಬೆಳಗಿನ ಭಜನೆಗೆ ತಪ್ಪಿಸಿಕೊಂಡರೆ ಸಂಜೆ ವಾಲಿಬಾಲ್ ಆಡಲು ಬಿಡುತ್ತಿರಲಿಲ್ಲವಂತೆ. ಅವನಿಗೆ ಭಜನೆಯ ಮೇಲೂ ದ್ವೇಷ ಬಂತು, ವಾಲಿಬಾಲಿನ ಮೇಲೂ ಬಂತು. ಸರ್ಕಾರಿ ಶಾಲೆಗಳಲ್ಲಿ ದೈಹಿಕ ಶಿಕ್ಷಕರ ಹುದ್ದೆಗಳು ವರ್ಷಗಟ್ಟಲೆ ಖಾಲಿ ಬಿದ್ದಿರುತ್ತವೆ. ಇರುವ ಕಡೆ ಆಟದ ಪೀರಿಯಡ್ಡನ್ನು ಗಣಿತದ ಮೇಷ್ಟ್ರು ಕಿತ್ತುಕೊಳ್ಳುತ್ತಾರೆ. ಆಟ ಕಲಿಸುವವರೇ ಇಲ್ಲ. ಶಿಸ್ತು ಕಲಿಸುತ್ತೇವೆ ಅನ್ನುವವರಿಗೆ ಮಾತ್ರ ಬರವಿಲ್ಲ. ಮಗು ತಿರುಗಿ ಒಂದು ಮಾತು ಕೇಳಿದರೆ ಅದು ಉದ್ಧಟತನ!

ಪ್ರಶ್ನೆ ಮಾಡದೆ ಯಾವುದನ್ನೂ ಒಪ್ಪಬೇಡಿ ಎಂದು ಜೀವನವಿಡೀ ಹೇಳಿದ ಎಚ್. ನರಸಿಂಹಯ್ಯನವರು ಡಾಕ್ಟರೇಟ್ ಮಾಡಿದ್ದು ಎಲ್ಲಿ ಗೊತ್ತಾ? ಫುಟ್‌ಬಾಲಿಗೆ ಹೆಸರಾದ ಅದೇ ಒಹಾಯೊ ಸ್ಟೇಟ್‌ನಲ್ಲಿ, ನ್ಯೂಕ್ಲಿಯರ್ ಭೌತಶಾಸ್ತ್ರದಲ್ಲಿ, 1960ರಲ್ಲಿ. ಆಗ ಅಲ್ಲಿ ವುಡಿ ಹೇಯ್ಸ್ ಕೋಚ್. ಇಡೀ ರಾಜ್ಯ ಹೇಯ್ಸ್ ಅವರನ್ನು ತಲೆಮೇಲೆ ಹೊತ್ತುಕೊಂಡಿತ್ತು. 1978ರ ಡಿಸೆಂಬರಿನಲ್ಲಿ ಇದೇ ಕ್ಲೆಮ್ಸನ್ ಜೊತೆಗಿನ ಮ್ಯಾಚಿನಲ್ಲಿ, ಚೆಂಡು ಕಸಿದುಕೊಂಡ ಎದುರಾಳಿ ಹುಡುಗನ ಕುತ್ತಿಗೆಗೆ ಹೇಯ್ಸ್ ಗುದ್ದಿದರು. ಮರುದಿನವೇ ಕೆಲಸ ಹೋಯಿತು. ನಿಮ್ಮ ಗೆಳೆಯರನ್ನು ಕೇಳಿ, ಆ ಕತೆ ಅವರಿಗೆ ಬಾಯಿಪಾಠ ಇರುತ್ತದೆ. ನಮ್ಮ ಎಚ್ಚೆನ್ ಮಾತ್ರ ಬೆಂಗಳೂರಿಗೆ ವಾಪಸ್ ಬಂದು, ಬಸವನಗುಡಿಯ ನ್ಯಾಷನಲ್ ಕಾಲೇಜಿನ ಹಾಸ್ಟೆಲಿನ ಕೋಣೆಯಲ್ಲೇ ಬದುಕು ಕಳೆದರು. ಪಕ್ಕದಲ್ಲಿ ಹುಡುಗರು, ಬಾಯಲ್ಲಿ ‘ಯಾಕೆ, ಹೇಗೆ’. ಗುರು ಅಂದಕೂಡಲೇ ನನಗೆ ನೆನಪಾಗುವುದು ಅವರು.

ಇನ್ನು ನಿಮ್ಮ ಮಗನ ವಿಷಯ. ನೀವು ಕೊನೆಯ ಸಾಲಿನಲ್ಲಿ ಬರೆದಿರಿ, ನನಗೆ ಅದೇ ಮೊದಲನೆಯದು ಅನ್ನಿಸಿತು. ವಾಷಿಂಗ್ಟನ್ ರಾಜ್ಯದ ಬ್ರೆಮರ್ಟನ್‌ನಲ್ಲಿ ಜೋಸೆಫ್ ಕೆನಡಿ ಎಂಬ ಹೈಸ್ಕೂಲ್ ಕೋಚ್ ಮ್ಯಾಚ್ ಮುಗಿದ ಮೇಲೆ ಮೈದಾನದ ನಡುವೆ ಮಂಡಿಯೂರಿ ಪ್ರಾರ್ಥನೆ ಮಾಡುತ್ತಿದ್ದರು. ಕೇಸು ಸುಪ್ರೀಂ ಕೋರ್ಟ್ ತನಕ ಹೋಯಿತು. 2022ರಲ್ಲಿ 6–3ರ ತೀರ್ಪು ಕೆನಡಿಯವರ ಪರ ಬಂತು. ಆದರೆ ಕೋರ್ಟ್ ಒಪ್ಪಿದ್ದು ಕೋಚ್ ತಾವಾಗಿ ಮಾಡುವ ಪ್ರಾರ್ಥನೆಯನ್ನು. ಮಕ್ಕಳ ಮೇಲೆ ಹೇರಬಹುದು ಎಂದು ಹೇಳಲಿಲ್ಲ. ಅದೇ ಕೇಸಿನ ದಾಖಲೆಯಲ್ಲಿ ಒಬ್ಬ ತಂದೆಯ ದೂರಿದೆ. ಅವರ ಮಗ ನಾಸ್ತಿಕ. ಆದರೂ ಸೇರಿಕೊಳ್ಳುತ್ತಿದ್ದ, ಯಾಕೆಂದರೆ ಸೇರದಿದ್ದರೆ ಆಡಲು ಅವಕಾಶ ಕಡಿಮೆ ಸಿಗಬಹುದು ಎಂಬ ಭಯ.

ಹಾಗಾಗಿ ಮೊದಲು ಕೋಚ್ ಹತ್ತಿರ ಹೋಗಬೇಡಿ. ಶುಕ್ರವಾರ ರಾತ್ರಿ ಮ್ಯಾಚ್ ಮುಗಿಸಿ ಕಾರಿನಲ್ಲಿ ಬರುವಾಗ ಮಗನನ್ನೇ ಕೇಳಿ. ತಲೆ ಬಾಗಿಸುವುದು ಇಷ್ಟವಾಗಿಯೋ, ಗೌರವಕ್ಕೋ, ಇಲ್ಲಾ ಜಾಗ ಹೋದೀತು ಅಂತಲೋ? ಇಷ್ಟವಾಗಿಯೇ ಅಂದರೆ ಅಲ್ಲಿಗೆ ಬಿಡಿ, ಅವನ ಮನಸ್ಸು ಅವನದು. ಭಯ ಅಂದರೆ ಪ್ರಿನ್ಸಿಪಾಲರಿಗೆ ಒಂದು ಪತ್ರ ಬರೆಯಿರಿ, ಸೌಮ್ಯವಾಗಿಯೇ. ಏನು ಬರೆಯಬೇಕು ಅಂತ ತೋಚದಿದ್ದರೆ ನಿಮ್ಮ ಗೆಳೆಯರನ್ನು ಜೊತೆಗೆ ಕೂರಿಸಿಕೊಳ್ಳಿ. ಆ ಊರಿನ ಚರ್ಚನ್ನೂ ಮೈದಾನವನ್ನೂ ಒಳಗಿನಿಂದ ಬಲ್ಲವರು ಅವರು.